ಬೆಳಕು ಹಾಯಿಸಿದರೆ ಅರಳುವ ಸ್ಟೆಂಟ್ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಆಗುತ್ತದೆಯೇ?

ಗದಗದಲ್ಲಿ ಬಿ.ಇ. ಓದುತ್ತಿರುವ ನೀವು ಕೇಳಿರುವುದು ಇಷ್ಟು: ತ್ರೀಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನ ಸ್ಟೆಂಟ್ (ರಕ್ತನಾಳ ಮುಚ್ಚಿಹೋಗದಂತೆ ಒಳಗಿಡುವ ಪುಟ್ಟ ಜಾಲರಿ ಕೊಳವೆ) ಮುದ್ರಿಸಿ, ಮಡಚಿ ರಕ್ತನಾಳಕ್ಕೆ ಇಳಿಸಿ, ಮೈಮೇಲಿನಿಂದ ಬೆಳಕು ಹಾಯಿಸಿ ಅರಳಿಸಬಹುದೇ? ಕಾಲೇಜಿನ ಪ್ರಿಂಟರ್ ಸಾಕೇ?

ಪ್ರಿಂಟರ್ ಸಾಕು. ಸ್ಟೆಂಟ್ ಬೇಡ. ಹುಬ್ಬಳ್ಳಿಯಲ್ಲಿ ಸಿ.ಟಿ. ಸ್ಕ್ಯಾನ್ ನೋಡಿ ಮೂಳೆಗಳ ಮಾದರಿ ಮುದ್ರಿಸಿಕೊಡುವುದು ನನ್ನ ಕೆಲಸ. ಪ್ರಾಜೆಕ್ಟ್ ಕಾಲ ಬಂತೆಂದರೆ ಯಾರಾದರೊಬ್ಬರು ಇದೇ ಸ್ಟೆಂಟ್ ಹಿಡಿದುಕೊಂಡು ಬರುತ್ತಾರೆ.

ಬೆಳಕಿಗೆ ಆಕಾರ ಬದಲಿಸುವ ಬಹುಪಾಲು ವಸ್ತುಗಳಲ್ಲಿ ಬೆಳಕಿನ ಕೆಲಸ ಬಿಸಿ ಮಾಡುವುದಷ್ಟೇ. ಪ್ಲಾಸ್ಟಿಕ್‌ನಲ್ಲಿ ಬೆರೆಸಿದ ಚಿನ್ನದ ನ್ಯಾನೋ ಕಡ್ಡಿಗಳೋ ಇಂಗಾಲದ ಕಪ್ಪು ಪುಡಿಯೋ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹೀರಿ ಕಾಯುತ್ತವೆ, ಪ್ಲಾಸ್ಟಿಕ್ ಮೆತ್ತಗಾಗಿ ಹಳೆಯ ಆಕಾರಕ್ಕೆ ಮರಳುತ್ತದೆ. ಪಿಎಲ್‌ಎ ಮೆತ್ತಗಾಗುವುದು ಸುಮಾರು 60 ಡಿಗ್ರಿಯಲ್ಲಿ. ಅಷ್ಟು ಬಿಸಿ ತಾಗಿದರೆ ನಾಳದ ಗೋಡೆ ಸುಟ್ಟೇ ಹೋಗುತ್ತದೆ. ಬೇರೆ ಪಾಲಿಮರ್ ಬೆರೆಸಿ 40ರ ಆಸುಪಾಸಿಗೆ ಇಳಿಸಬಹುದು ನಿಜ, ಆದರೆ ಏಪ್ರಿಲ್‌ನಲ್ಲಿ ಅದನ್ನು ಗದಗದಿಂದ ಹುಬ್ಬಳ್ಳಿಗೆ ಬಸ್ಸಿನ ಕಿಟಕಿ ಪಕ್ಕ ಇಟ್ಟುಕೊಂಡು ಬಂದು ನೋಡಿ, ಅರ್ಧ ದಾರಿ ದಾಟುವುದರೊಳಗೆ ತಾನಾಗಿಯೇ ಅರಳಿ ಕೂತಿರುತ್ತದೆ.

ಬಿಸಿಯೇ ಬೇಡವೆಂದರೆ ಅಜೋಬೆಂಜೀನ್ ಎಂಬ ರಾಸಾಯನಿಕ ಇದೆ. 365 ನ್ಯಾನೋಮೀಟರ್‌ನ ನೇರಳಾತೀತ ಬೆಳಕಿಗೆ ಅದರ ಅಣು ಬಾಗುತ್ತದೆ, ನೀಲಿ ಬೆಳಕಿಗೆ ಮತ್ತೆ ನೆಟ್ಟಗಾಗುತ್ತದೆ. ನೋಡಲು ಬಹಳ ಚೆಂದ. ಆದರೆ ನೇರಳಾತೀತ ಬೆಳಕು ಚರ್ಮದಲ್ಲೇ ನಿಂತುಬಿಡುತ್ತದೆ. 2005ರಲ್ಲಿ ವಿಜ್ಞಾನಿ ಲೆಂಡ್ಲೈನ್ ಮತ್ತು ಸಂಗಡಿಗರು ಬೆಳಕಿನಿಂದಲೇ ಆಕಾರ ಹಿಡಿದು ಬೆಳಕಿನಿಂದಲೇ ಬಿಡುವ ಪಾಲಿಮರ್ ತೋರಿಸಿದರು. ಅದು ಬಿಡಲು ಬೇಕಾದದ್ದು 260 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು, ಡಿಎನ್‌ಎಯನ್ನು ಕೆಡಿಸುವಂಥದ್ದು. ಅವಕೆಂಪು ಇನ್ನಷ್ಟು ಒಳಗೆ ಹೋಗುತ್ತದಾದರೂ ಮಿಲಿಮೀಟರ್‌ಗಳ ಲೆಕ್ಕದಲ್ಲೇ ಬಲ ಕಳೆದುಕೊಳ್ಳುತ್ತಾ ಬರುತ್ತದೆ. ಎದೆಗೂಡಿನೊಳಗಿನ ನಾಳಕ್ಕೆ ಹೊರಗಿನಿಂದ ತಲುಪಿಸುವ ಮಾತು ಬಿಡಿ. ಅಲ್ಲದೆ ಮೈಯ ಬಿಸಿಗೇ ಅರಳುವ ನಿಟಿನಾಲ್ (ನಿಕಲ್-ಟೈಟೇನಿಯಂ ಮಿಶ್ರಲೋಹ) ಸ್ಟೆಂಟ್ ಎಂದೋ ಬಳಕೆಗೆ ಬಂದಿದೆ, ಅದಕ್ಕೆ ಬೆಳಕಿನ ಹಂಗಿಲ್ಲ.

ಹಾಗಾದರೆ ಬೆಳಕು ಯಾಕೆ ಬೇಕು? ಬೇಕಾದ ಜಾಗದಲ್ಲಿ ಮಾತ್ರ, ಬೇಕಾದ ಗಳಿಗೆಯಲ್ಲಿ ಮಾತ್ರ ಮಡಚಿಸಬಹುದು ಎನ್ನುವುದಕ್ಕೆ. ಆ ಗುಣ ಕಾಣುವಂಥ ಕೆಲಸ ಆರಿಸಿಕೊಳ್ಳಿ: ಬೆರಳಿನ ಪಟ್ಟಿ, ಗಾಯ ಮುಚ್ಚುವ ಪಟ್ಟಿ, ಎಂಡೋಸ್ಕೋಪ್‌ನ ತುದಿಗೆ ಆಪ್ಟಿಕಲ್ ಫೈಬರ್ ಜೊತೆ ಹೋಗುವ ಪುಟ್ಟ ಇಕ್ಕಳ. ಮಾದರಿಯನ್ನು ಮೇಜಿನ ಮೇಲೆಯೇ ಪರೀಕ್ಷಿಸಿ, ಯಾರ ಮೈಗೂ ಹಚ್ಚಬೇಡಿ.

ಖರ್ಚು ಕಡಿಮೆಯ ದಾರಿಯೂ ಇದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಡಿಕಿ ತಂಡ, ಬಿಸಿಗೆ ಕುಗ್ಗುವ ಪಾಲಿಸ್ಟೈರೀನ್ ಹಾಳೆಯ ಮೇಲೆ ಮಾಮೂಲಿ ಪ್ರಿಂಟರ್‌ನಿಂದ ಕಪ್ಪು ಗೆರೆ ಎಳೆದು ಅವಕೆಂಪು ದೀಪದಡಿ ಇಟ್ಟಿತು. ಗೆರೆಯಿದ್ದಲ್ಲಿ ಮಾತ್ರ ಹಾಳೆ ಕುಗ್ಗಿ ತಾನೇ ಮಡಚಿಕೊಂಡಿತು. ಗೆರೆ ಅಗಲವಾದಷ್ಟೂ ಮಡಿಕೆಯ ಕೋನ ಹೆಚ್ಚು. ಇದನ್ನೇ ನೀವು ಬಿಳಿ ಪಿಎಲ್‌ಎಯಲ್ಲಿ ಮಾಡಿ: ಎರಡು ಪದರ, ಮೊದಲನೆಯದರ ಎಳೆಗಳು ಉದ್ದಕ್ಕೆ, ಎರಡನೆಯದರ ಎಳೆಗಳು ಅಡ್ಡಕ್ಕೆ. ವೇಗವಾಗಿ ಮುದ್ರಿಸಿದ ಎಳೆ ಬಿಸಿ ತಾಗಿದಾಗ ತನ್ನ ಉದ್ದದ ದಿಕ್ಕಿನಲ್ಲಿ ಕುಗ್ಗುವುದರಿಂದ ಪಟ್ಟಿ ಸುರುಳಿಯಾಗುತ್ತದೆ. ಬಾಗಬೇಕಾದ ಜಾಗಕ್ಕೆ ಕಪ್ಪು ಬಳಿಯಲು ಸಾಮಾನ್ಯ ಮಾರ್ಕರ್ ನಂಬಬೇಡಿ. ಎಷ್ಟೋ ಮಾರ್ಕರ್‌ಗಳ ಬಣ್ಣ ಕಣ್ಣಿಗೆ ಕಪ್ಪು, ಅವಕೆಂಪಿಗೆ ಪಾರದರ್ಶಕ. ಇಂಗಾಲವಿರುವ ಇಂಡಿಯನ್ ಇಂಕ್ ತನ್ನಿ.

ಲೇಸರ್ ಕೊಳ್ಳಲು ಹೋಗಬೇಡಿ. 808 ನ್ಯಾನೋಮೀಟರ್‌ನ ಬೆಳಕು ಕಣ್ಣಿಗೆ ಸರಿಯಾಗಿ ಕಾಣದು, ರೆಪ್ಪೆ ಮುಚ್ಚುವ ಮೊದಲೇ ರೆಟಿನಾ ಸುಟ್ಟಿರುತ್ತದೆ. ಫಿಸಿಯೋಥೆರಪಿಯವರು ಬಳಸುವ ಕೆಂಪು ದೀಪ ಸಾಕು. ಪಟ್ಟಿಯ ಕೆಳಗೊಂದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಅಂಟಿಸಿ, ಸೆಕೆಂಡಿಗೆಷ್ಟು ಬಿಸಿ ಏರಿತು, ಎಷ್ಟು ಕೋನ ಬಾಗಿತು ಎಂದು ಬರೆದಿಡಿ. ಶೀರ್ಷಿಕೆಯಲ್ಲಿ ಸ್ಟೆಂಟ್ ಇರಲೇಬೇಕೆಂದು ಗೈಡ್ ಹಠ ಹಿಡಿದರೆ ಆ ಬಿಸಿಯ ಅಂಕಿಗಳನ್ನೇ ಅವರ ಮುಂದಿಡಿ.