ಹಳೇ ಸ್ಪ್ಲೆಂಡರ್‌ನಲ್ಲಿ ಪೆಟ್ರೋಲ್ ಸೋರುತ್ತಿದೆ, ಎಲ್ಲಿಂದ ಅಂತ ಕಂಡುಹಿಡಿಯೋದು ಹೇಗೆ?

ನೀವು ಬರೆದಿದ್ದು ಇಷ್ಟು: ತಂದೆಯವರ 2002ರ ಸ್ಪ್ಲೆಂಡರ್. ರಾತ್ರಿ ಮೆಟ್ಟಿಲ ಕೆಳಗೆ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಅಂಗೈ ಅಗಲದ ಕಲೆ, ಮನೆಯೊಳಗೆಲ್ಲ ಪೆಟ್ರೋಲ್ ವಾಸನೆ. ಗ್ಯಾರೇಜಿನವರು ಗಾಡಿ ನೋಡಿ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಪೂರ್ತಿ ಬದಲಾಯಿಸಿ ಅಂದಿದ್ದಾರೆ. ಹಾಕಿಸಲಾ, ಬೇಡವಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ಸೋರುತ್ತಿರುವ ಜಾಗ ಯಾವುದು ಅಂತ ಇನ್ನೂ ಯಾರೂ ಹುಡುಕಿಲ್ಲ. ಜಾಗ ಗೊತ್ತಾಗದೆ ಸಾಮಾನು ಬದಲಾಯಿಸಿದರೆ ದುಡ್ಡೂ ಹೋಗುತ್ತದೆ, ಲೀಕೂ ಉಳಿಯುತ್ತದೆ. ಹಳೇ ಗಾಡಿಗಳನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಅಭ್ಯಾಸ ನನಗಿದೆ. ನಾನು ನೋಡಿರುವ ಮಟ್ಟಿಗೆ ಇಂಥ ಲೀಕ್‌ಗಳಲ್ಲಿ ಹೆಚ್ಚಿನವು ಒಂದು ವಾಷರ್, ಒಂದು ತುಂಡು ಪೈಪ್ ಅಥವಾ ಕಾರ್ಬೊರೇಟರ್ ಒಳಗಿನ ಒಂದು ಫ್ಲೋಟ್ ಪಿನ್‌ನಲ್ಲಿ ಮುಗಿಯುತ್ತವೆ.

ಅದಕ್ಕಿಂತ ಮೊದಲು ಒಂದು ಕೆಲಸ. ಗಾಡಿಯನ್ನು ಇವತ್ತೇ ಮೆಟ್ಟಿಲ ಕೆಳಗಿನಿಂದ ಹೊರಗೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಇನ್ನು ನಮ್ಮ ಊರಿನ ಬಿಸಿಗೆ ಕೇಳಬೇಕಾ? ಪಕ್ಕದಲ್ಲೇ ಗ್ಯಾಸ್ ಗೀಸರ್, ದೇವರ ದೀಪ, ಮೋಟರ್ ಸ್ವಿಚ್ ಇದ್ದರಂತೂ ನೆಲದ ಕಲೆಯನ್ನು ಸುಮ್ನೆ ಒರೆಸಿ ಮರೆಯುವ ಹಾಗಿಲ್ಲ. ಬಯಲಲ್ಲಿ, ಹಗಲಲ್ಲಿ, ಎಂಜಿನ್ ತಣ್ಣಗಾದ ಮೇಲೆ ಕೆಲಸ ಮಾಡಿ. ಒಂದು ಬಕೆಟ್ ಮರಳು ಹತ್ತಿರ ಇರಲಿ. ಪೆಟ್ರೋಲ್ ಒರೆಸಿದ ಬಟ್ಟೆಯನ್ನು ಮನೆಯೊಳಗೆ ತರಬೇಡಿ.

ಈಗ ಹುಡುಕೋಣ. ಒದ್ದೆಯಾದ ಜಾಗವೇ ಸೋರುವ ಜಾಗ ಅಂತ ಅಂದುಕೊಳ್ಳಬೇಡಿ. ಪೆಟ್ರೋಲ್ ಪೈಪಿನ ಮೇಲೆ, ಎಂಜಿನ್ ಮೇಲೆ ಜಾರಿಕೊಂಡು ಹೋಗಿ ಎಲ್ಲೋ ಒಂದು ಮೂಲೆಯಿಂದ ತೊಟ್ಟಿಕ್ಕುತ್ತದೆ. ಹಳೇ ಎಂಜಿನ್ ಮೇಲೆ ಜಿಡ್ಡು ಇದ್ದೇ ಇರುತ್ತದಲ್ವಾ, ಅದನ್ನು ತೊಳೆಯುವ ಮೊದಲು ಒಮ್ಮೆ ಚೆನ್ನಾಗಿ ನೋಡಿ. ಪೆಟ್ರೋಲ್ ಹರಿದ ಕಡೆ ಜಿಡ್ಡು ಹೋಗಿ ಸ್ವಚ್ಛವಾದ ಗೆರೆ ಮೂಡಿರುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋದರೆ ಅರ್ಧ ಉತ್ತರ ಸಿಕ್ಕ ಹಾಗೆ. ಬಹಳ ದಿನದಿಂದ ಜಿನುಗುತ್ತಿರುವ ಜಾಗದಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ಅಂಟು ಕೂತಿರುತ್ತದೆ. ಆಮೇಲೆ ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ, ಟ್ಯಾಂಕ್ ಕೆಳಗಿನ ಪೆಟ್ರೋಲ್ ಟ್ಯಾಪ್, ಪೈಪಿನ ಎರಡು ತುದಿ, ಕಾರ್ಬೊರೇಟರ್ ಬೌಲ್ (ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಸುತ್ತ ಮೈಗೆ ಹಾಕುವ ಪೌಡರ್ ಉದುರಿಸಿ. ಜಿನುಗಿದ ಜಾಗದಲ್ಲಿ ಪೌಡರ್ ಒದ್ದೆಯಾಗಿ ಬಣ್ಣ ಬದಲಾಗುತ್ತದೆ.

ಇನ್ನು ಮುಖ್ಯವಾದ ಪರೀಕ್ಷೆ ಟ್ಯಾಪಿನದ್ದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೆಳಗೆ ರಟ್ಟು ಹಾಸಿ. ಒಂದು ರಾತ್ರಿ ಟ್ಯಾಪ್ ಆಫ್ ಮಾಡಿ ಬಿಡಿ, ಮಾರನೇ ರಾತ್ರಿ ಆನ್‌ನಲ್ಲಿ ಬಿಡಿ. ಆಫ್ ಮಾಡಿದಾಗಲೂ ರಾತ್ರಿಯಿಡೀ ಸೋರಿದರೆ ಟ್ಯಾಂಕ್ ಅಥವಾ ಟ್ಯಾಪ್‌ನಲ್ಲಿ ದೋಷ. ಆನ್ ಇದ್ದಾಗ ಮಾತ್ರ ಸೋರಿದರೆ ಪೈಪ್ ಅಥವಾ ಕಾರ್ಬೊರೇಟರ್. ಆದರೆ ಟ್ಯಾಪ್ ನಿಜವಾಗಿ ಆಫ್ ಆಗುತ್ತಿದೆಯಾ ಅನ್ನೋದು ಮೊದಲು ಖಚಿತವಾಗಬೇಕು. ವರ್ಷಗಟ್ಟಲೆ ಯಾರೂ ಆಫ್ ಕಡೆ ತಿರುಗಿಸದ ಟ್ಯಾಪಿನೊಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ, ಆಫ್ ಮಾಡಿದರೂ ಪೆಟ್ರೋಲ್ ಬಿಡುತ್ತಿರುತ್ತದೆ. ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಬಿಡಿಸಿ ಬಾಟಲಿಗೆ ಇಳಿಬಿಟ್ಟು ಒಂದು ಗಂಟೆ ಕಾಯಿರಿ. ಪೈಪಿನಲ್ಲಿ ಇದ್ದಷ್ಟು ಬಿದ್ದು ನಿಲ್ಲಬೇಕು. ಆಮೇಲೂ ತೊಟ್ಟಿಕ್ಕಿದರೆ ಟ್ಯಾಪ್ ಕೆಟ್ಟಿದೆ.

ನಿಮ್ಮ ವಿವರಣೆ ನೋಡಿದರೆ ನನಗೆ ಕಾರ್ಬೊರೇಟರ್ ಮೇಲೇ ಜಾಸ್ತಿ ಅನುಮಾನ. ಹಾಗಂತ ಅದನ್ನು ಎಸೆಯಬೇಕು ಅಂತಲ್ಲ. ಒಳಗಿನ ವ್ಯವಸ್ಥೆ ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಬೌಲ್‌ನಲ್ಲಿ ಪೆಟ್ರೋಲ್ ಏರಿದಂತೆ ಫ್ಲೋಟ್ ಅನ್ನುವ ತೇಲುವ ತುಂಡು ಮೇಲೇಳುತ್ತದೆ, ಫ್ಲೋಟ್ ಪಿನ್ ಹೋಗಿ ದಾರಿ ಮುಚ್ಚುತ್ತದೆ. ಪಿನ್ ಸರಿಯಾಗಿ ಕೂರದಿದ್ದರೆ ಮಟ್ಟ ಏರುತ್ತಲೇ ಹೋಗುತ್ತದೆ. ಜಾಸ್ತಿಯಾದದ್ದು ಬೌಲ್ ಒಳಗೆ ನೆಟ್ಟಗೆ ನಿಂತಿರುವ ಸಣ್ಣ ಹಿತ್ತಾಳೆ ಕೊಳವೆಯಿಂದ ಇಳಿದು, ಕೆಳಗೆ ನೇತಾಡುವ ರಬ್ಬರ್ ಪೈಪಿನಿಂದ ನೆಲಕ್ಕೆ ಬೀಳುತ್ತದೆ. ಮೆಕ್ಯಾನಿಕ್‌ಗಳು ಓವರ್‌ಫ್ಲೋ ಅನ್ನೋದು ಇದಕ್ಕೇ.

ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ಓದಿ. ಆ ನೇತಾಡುವ ಪೈಪಿನಿಂದ ಪೆಟ್ರೋಲ್ ಬರೋದಕ್ಕೆ ಮೂರು ಕಾರಣ ಇರಬಹುದು. ಫ್ಲೋಟ್ ಪಿನ್ ಕೂರುತ್ತಿಲ್ಲ. ಇಲ್ಲವೇ ಬೌಲ್ ಖಾಲಿ ಮಾಡಲು ತಳದಲ್ಲಿರುವ ಡ್ರೈನ್ ಸ್ಕ್ರೂ ಬಿಗಿಯಾಗಿಲ್ಲ. ಇಲ್ಲವೇ ಆ ಹಿತ್ತಾಳೆ ಕೊಳವೆಯಲ್ಲೇ ಕೂದಲೆಳೆ ಬಿರುಕು ಬಿಟ್ಟಿದೆ. ಪಿನ್ ದೋಷವಾ, ಉಳಿದೆರಡರಲ್ಲಿ ಒಂದಾ ಅಂತ ಬಿಚ್ಚದೆಯೇ ಹೇಳಬಹುದು. ಸೋರುತ್ತಿರುವಾಗ ಟ್ಯಾಪ್ ಆಫ್ ಮಾಡಿ. ಸ್ವಲ್ಪ ಹೊತ್ತಿನಲ್ಲೇ ಸೋರುವುದು ನಿಂತರೆ ಪಿನ್ ಕಡೆ ದೋಷ, ಯಾಕೆಂದರೆ ಮಟ್ಟ ಕೊಳವೆಯ ಬಾಯಿಗಿಂತ ಕೆಳಗಿಳಿದ ಕೂಡಲೇ ಹೊರಗೆ ಬರಲು ದಾರಿ ಇರುವುದಿಲ್ಲ. ನಿಲ್ಲದೆ ಬೌಲ್ ಬರಿದಾಗುವವರೆಗೂ ತೊಟ್ಟಿಕ್ಕುತ್ತಿದ್ದರೆ ಡ್ರೈನ್ ಸ್ಕ್ರೂ ಅಥವಾ ಬಿರುಕು.

ಈ ಬಿರುಕು ಬಹಳ ಜನಕ್ಕೆ ಗೊತ್ತೇ ಇಲ್ಲ. ಪಕ್ಕದ ಮನೆಯವರ ಹಳೇ ಗಾಡಿಗೆ ಪಿನ್ ಮೇಲೆ ಪಿನ್ ಬದಲಾಯಿಸಿದ್ದರು, ಸೋರುವುದು ನಿಂತಿರಲಿಲ್ಲ. ಬೌಲ್ ಬಿಚ್ಚಿ, ಕೊಳವೆಯ ಬಾಯಿಗಿಂತ ಸ್ವಲ್ಪ ಕೆಳಗಿನವರೆಗೆ ಪೆಟ್ರೋಲ್ ತುಂಬಿ ಕಾಗದದ ಮೇಲಿಟ್ಟಾಗ ಕೆಳಗಿನಿಂದ ಒಂದೊಂದೇ ಹನಿ ಬಂತು. ಕೊಳವೆಗೆ ಸಣ್ಣಗೆ ಬೆಸುಗೆ ಹಾಕಿಸಿದ ಮೇಲೆ ಗಾಡಿ ಒಣಗಿ ನಿಂತಿತು. ನಿಮ್ಮದರಲ್ಲೂ ಬೌಲ್ ಬಿಚ್ಚಿದಾಗ ಈ ಪರೀಕ್ಷೆ ಮಾಡಿಯೇ ಬಿಡಿ, ಖರ್ಚೇನೂ ಇಲ್ಲ.

ಪಿನ್ ಕಡೆ ದೋಷ ಅಂತಾದರೆ, ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್‌ಗೆ ಮೆಲ್ಲಗೆ ತಟ್ಟಿ. ಸೋರುವುದು ನಿಂತರೆ ಪಿನ್ ಹತ್ತಿರ ಕಸ ಸಿಕ್ಕಿಕೊಂಡಿದೆ ಅಂತ ಅರ್ಥ. ಅದು ತಾತ್ಕಾಲಿಕ, ಬಿಚ್ಚಿ ಸ್ವಚ್ಛ ಮಾಡಲೇಬೇಕು. ಬಿಚ್ಚಿದಾಗ ಪಿನ್ ತುದಿ ನೋಡಿ. ನುಣುಪಾಗಿರಬೇಕು. ಸುತ್ತ ಉಂಗುರದ ಹಾಗೆ ಗೀರು ಬಿದ್ದಿದ್ದರೆ ಸವೆದಿದೆ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಸದ್ದು ಬಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ, ಅದು ಮೇಲೇಳುವುದೇ ಇಲ್ಲ. ಪಿನ್, ಫ್ಲೋಟ್ ಎರಡೂ ಸರಿ ಇದ್ದರೆ ಪಿನ್ ಕೂರುವ ಸೀಟನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಅಂಟು ಇದ್ದರೆ ಕಾರ್ಬೊರೇಟರ್ ಕ್ಲೀನರ್ ಹಾಕಿ ಹತ್ತಿಯಿಂದ ಒರೆಸಿ. ಮೊಳೆ, ತಂತಿ, ಉಪ್ಪುಕಾಗದ ಮಾತ್ರ ತಾಗಿಸಬೇಡಿ.

ಜೋಡಿಸುವ ಮೊದಲು ಇನ್ನೊಂದು ಸುಲಭದ ಪರೀಕ್ಷೆ. ಕಾರ್ಬೊರೇಟರ್ ಪೆಟ್ರೋಲ್ ಬಾಯಿಗೆ ಸ್ವಚ್ಛವಾದ ಪೈಪ್ ಸಿಕ್ಕಿಸಿ ಬಾಯಿಂದ ಊದಿ. ನೆಟ್ಟಗೆ ಹಿಡಿದಾಗ ಗಾಳಿ ಹೋಗಬೇಕು, ತಲೆಕೆಳಗೆ ಮಾಡಿದಾಗ ಫ್ಲೋಟ್ ತೂಕಕ್ಕೆ ಪಿನ್ ಕೂತು ಗಾಳಿ ಪೂರ್ತಿ ನಿಲ್ಲಬೇಕು.

ಇಷ್ಟೆಲ್ಲ ನೋಡುವಾಗ ಎಂಜಿನ್ ಆಯಿಲ್ ಮರೆಯಬೇಡಿ. ನನಗೆ ನಿಜವಾಗಿ ಚಿಂತೆ ಇರುವುದು ಅಲ್ಲೇ. ಓವರ್‌ಫ್ಲೋ ಪೈಪ್ ಮಣ್ಣು ಕೂತು ಕಟ್ಟಿಕೊಂಡಿದ್ದರೆ ಪೆಟ್ರೋಲ್ ನೆಲಕ್ಕೆ ಬೀಳದೆ ಎಂಜಿನ್ ಒಳಗೆ ನುಗ್ಗುತ್ತದೆ. ಸಿಲಿಂಡರ್‌ನಿಂದ ಇಳಿದು ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್, ಪಿಸ್ಟನ್ ತಿಂದು ಹಾಕುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡಿ. ಮಟ್ಟ ಇರಬೇಕಾದ್ದಕ್ಕಿಂತ ಮೇಲಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಲೀಕ್ ಸರಿ ಮಾಡಿ, ಆಯಿಲ್ ಬದಲಾಯಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಕಿಕ್ಕರ್ ಗಟ್ಟಿಯಾಗಿ ಸಿಕ್ಕಿಕೊಂಡ ಹಾಗೆ ಅನಿಸಿದರೆ ಜೋರು ಮಾಡಿ ತುಳಿಯಬೇಡಿ. ಸಿಲಿಂಡರ್ ಒಳಗೆ ಪೆಟ್ರೋಲ್ ನಿಂತಿರಬಹುದು, ದ್ರವ ಅಮುಕಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ ಕ್ಯಾಪನ್ನು ದೂರ ಇಟ್ಟು, ಇಗ್ನಿಷನ್ ಆಫ್ ಇರುವಾಗಲೇ ಮೆಲ್ಲಗೆ ಕಿಕ್ ಮಾಡಿ ಹೊರಹಾಕಿ.

ಉಳಿದವು ಬೇಗ ಹೇಳುತ್ತೇನೆ. ಪೆಟ್ರೋಲ್ ಪೈಪನ್ನು ಬಾಗಿಸಿ ನೋಡಿ, ತುದಿಗಳಲ್ಲಿ ಬಿರುಕು ಕಂಡರೆ ಬದಲಾಯಿಸಿ. ಅಂಗಡಿಗೆ ಹಳೇ ತುಂಡು ತೆಗೆದುಕೊಂಡು ಹೋಗಿ, ಪೆಟ್ರೋಲಿಗೆ ಅಂತಲೇ ಬರುವ ರಬ್ಬರ್ ಪೈಪ್ ಕೇಳಿ. ಅಕ್ವೇರಿಯಂಗೆ ಹಾಕುವ ಪಾರದರ್ಶಕ ಪೈಪ್ ಕೆಲವೇ ದಿನದಲ್ಲಿ ಕಲ್ಲಿನಂತಾಗಿ ಕಳಚಿಕೊಳ್ಳುತ್ತದೆ. ಟ್ಯಾಂಕ್ ಫುಲ್ ಮಾಡಿಸಿ ಬಿಸಿಲಲ್ಲಿ ನಿಲ್ಲಿಸಿದಾಗ ಮಾತ್ರ ಮುಚ್ಚಳದ ಕಡೆಯಿಂದ ಒದ್ದೆಯಾದರೆ ಭಯ ಬೇಡ. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಹೆಚ್ಚು ಕಡಿಮೆ 200 ಮಿ.ಲೀ. ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಹೊರಗೆ ಬರಲೇಬೇಕು. ಕತ್ತಿನವರೆಗೆ ತುಂಬಿಸಬೇಡಿ. ಟ್ಯಾಂಕಿನ ತಳದಲ್ಲಿ ಬಣ್ಣ ಉಬ್ಬಿದ್ದರೆ ಅಥವಾ ಅಂಚಿನ ಜೋಡಣೆ ಒದ್ದೆ ಇದ್ದರೆ ಒಳಗಿನಿಂದ ತುಕ್ಕು ತಿಂದಿದೆ. ದಾರಿಯಲ್ಲಿ ಸಿಕ್ಕಿಕೊಂಡರೆ ಬಟ್ಟೆ ಸೋಪ್ ಒತ್ತಿ ಮನೆ ಸೇರಬಹುದು, ಅಷ್ಟಕ್ಕೇ ಅದು. ತೊಳೆಯದೆ, ಬರೀ ಪೆಟ್ರೋಲ್ ಚೆಲ್ಲಿ ಖಾಲಿ ಮಾಡಿದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಮಾತ್ರ ಒಪ್ಪಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ ಸಿಡಿಯುತ್ತದೆ, ಜನ ಸತ್ತಿದ್ದಾರೆ. ಟ್ಯಾಂಕ್ ತೊಳೆದು ಸಿದ್ಧ ಮಾಡಲು ಗೊತ್ತಿರುವವರ ಹತ್ತಿರವೇ ಕೊಡಿ.

ಇತ್ತೀಚೆಗೆ ಹಳೇ ಗಾಡಿಗಳಲ್ಲಿ ರಬ್ಬರ್ ತೊಂದರೆ ಯಾಕೆ ಅಂತ ಕೇಳುವವರು ಎಥನಾಲ್ ಕಡೆಗೂ ನೋಡಬೇಕು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಎಲ್ಲ ಕಡೆ ಅದೇ. 2002ರ ಗಾಡಿಯ ರಬ್ಬರನ್ನು ಅದಕ್ಕೆ ಅಂತ ಮಾಡಿರಲಿಲ್ಲ. ಎಥನಾಲ್‌ಗೆ ಕೆಲವು ಜಾತಿಯ ರಬ್ಬರ್ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ, ಅದರಿಂದ ಟ್ಯಾಂಕಿಗೆ ತುಕ್ಕು, ಆ ತುಕ್ಕಿನ ಪುಡಿ ಇಳಿದು ಫ್ಲೋಟ್ ಪಿನ್‌ಗೆ. ಹೀಗಾಗಿ ಪಿನ್, ಓ ರಿಂಗ್, ಬೌಲ್ ಗ್ಯಾಸ್ಕೆಟ್, ಟ್ಯಾಪ್ ವಾಷರ್ ಎಲ್ಲವನ್ನೂ ಒಟ್ಟಿಗೆ ಹೊಸದು ಹಾಕಿ. ಟ್ಯಾಪಿನ ಜಾಲರಿಯನ್ನೂ ತೆಗೆದು ತೊಳೆಯಿರಿ, ಇಲ್ಲದಿದ್ದರೆ ಹೊಸ ಪಿನ್ ಕೂಡ ಕಸಕ್ಕೆ ಸಿಕ್ಕಿಕೊಳ್ಳುತ್ತದೆ.

ಗ್ಯಾರೇಜಿನವರ ಮಾತು ಸರಿಯಾಗುವ ಸಂದರ್ಭವೂ ಇದೆ. ಚಿಕ್ಕ ಕಾರ್ಬೊರೇಟರ್‌ಗಳಲ್ಲಿ ಪಿನ್ ಕೂರುವ ಸೀಟನ್ನು ಸಾಮಾನ್ಯವಾಗಿ ಕಾರ್ಬೊರೇಟರ್ ಬಾಡಿಯೊಳಗೇ ಒತ್ತಿ ಕೂರಿಸಿರುತ್ತಾರೆ, ಬೇರೆ ಸಿಗುವುದಿಲ್ಲ. ಹೊಸ ಪಿನ್ ಹಾಕಿ, ಸ್ವಚ್ಛ ಮಾಡಿ, ತಲೆಕೆಳಗೆ ಹಿಡಿದು ಊದಿದಾಗಲೂ ಗಾಳಿ ಹೋಗುತ್ತಿದ್ದರೆ ಸೀಟೇ ಸವೆದಿದೆ. ಆಗ ಕಾರ್ಬೊರೇಟರ್ ಬದಲಾಯಿಸಿ, ನಾನೂ ಅದನ್ನೇ ಹೇಳುತ್ತೇನೆ.

ಈ ವಾರ ಟ್ಯಾಪ್ ಪರೀಕ್ಷೆ ಮಾಡಿ ನೋಡಿ. ಆಫ್ ಮಾಡಿದಾಗ ನಿಂತಿತಾ, ನಿಲ್ಲಲು ಎಷ್ಟು ಹೊತ್ತಾಯಿತು, ಆಯಿಲ್ ವಾಸನೆ ಹೇಗಿದೆ, ಈ ಮೂರು ವಿಷಯ ಇಲ್ಲೇ ಬರೆಯಿರಿ. ಯಾವ ಸಾಮಾನು ತರಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಗಾಡಿ ನಿಲ್ಲಿಸಿದಾಗಲೆಲ್ಲ ಟ್ಯಾಪ್ ಆಫ್ ಮಾಡಿ. ತಂದೆಯವರಿಗೂ ಹೇಳಿಡಿ.