ಹೊಲಿಗೆ ಕೋಣೆ: ಹನ್ನೆರಡು ಬ್ಲೌಸಿಗೆ ಹನ್ನೆರಡು ಸೂಜಿಯೇ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಎಂಟು ವರ್ಷಗಳಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ತಿಂಗಳಿಗೆ ಹತ್ತು ಹನ್ನೆರಡು ಮಂದಿ ಕುತ್ತಿಗೆಗೂ ತೋಳಿಗೂ ಎಂಬ್ರಾಯ್ಡರಿ ಬೇಕು ಎನ್ನುತ್ತಾರೆ. ಅದನ್ನು ದಾವಣಗೆರೆಗೆ ಬಸ್ಸಿನಲ್ಲಿ ಕಳುಹಿಸಿ ಮಾಡಿಸುತ್ತೇನೆ. ಒಂದು ಬ್ಲೌಸಿಗೆ ಅಲ್ಲಿನವರಿಗೆ ₹600 ಕೊಟ್ಟು ಗಿರಾಕಿಗಳಿಂದ ₹900 ತೆಗೆದುಕೊಳ್ಳುತ್ತೇನೆ. ಈಗ ಸ್ವಂತ ಯಂತ್ರ ಬೇಕೆನಿಸಿದೆ. ಕೈಯಲ್ಲಿ ₹1.5 ಲಕ್ಷ ಇದೆ. ಅಂಗಡಿಯವರು ₹4.5 ಲಕ್ಷದ 12 ಸೂಜಿಯ ಯಂತ್ರ ತೋರಿಸಿದರು. ‘ಉಳಿದ ₹3 ಲಕ್ಷಕ್ಕೆ ಸಾಲ ಮಾಡಿಸಿಕೊಡುತ್ತೇವೆ, ನಿಮಿಷಕ್ಕೆ 1,000 ಸ್ಟಿಚ್ ಹಾಕುತ್ತದೆ, ಬಟನ್ ಒತ್ತಿ ನೀವು ಅಡುಗೆ ಮಾಡಿಕೊಳ್ಳಬಹುದು’ ಎನ್ನುತ್ತಾರೆ. ನನ್ನ ನಾದಿನಿ, ಒಂದೇ ಸೂಜಿಯ ಮನೆಯ ಯಂತ್ರ ಸಾಕು ಎನ್ನುತ್ತಾಳೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಈ ಸಲ ನಾದಿನಿಯ ಮಾತು ಕೇಳಿ. ಏಕೆಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಬೇಕಾದ ಅಂಕಿಗಳನ್ನೆಲ್ಲ ನೀವೇ ಬರೆದಿದ್ದೀರಿ.

₹3 ಲಕ್ಷ ಸಾಲ, ಶೇ 11ರ ಬಡ್ಡಿ, ಮೂರು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು ₹9,800 ಬರುತ್ತದೆ. ಹನ್ನೆರಡು ಬ್ಲೌಸಿಗೆ ₹900ರಂತೆ ನಿಮಗೆ ಸಿಗುವುದು ₹10,800. ದಾರ, ಬಟ್ಟೆಯ ಹಿಂಬದಿಗೆ ಇಡುವ ಬ್ಯಾಕಿಂಗ್ ಪೇಪರ್, ಸೂಜಿ, ಕರೆಂಟು ಎಂದು ಬ್ಲೌಸಿಗೆ ₹100 ತೆಗೆದರೆ ಉಳಿಯುವುದು ₹9,600. ಅಂದರೆ ಕಂತು ಕಟ್ಟಲು ತಿಂಗಳಿಗೆ ₹200 ಕೈಯಿಂದಲೇ ಹಾಕಬೇಕು. ಈಗಲೋ, ಯಂತ್ರವಿಲ್ಲದೆ, ಬಸ್ಸಿನ ಚಾರ್ಜು ಬಿಟ್ಟರೆ ನಿಮಗೆ ₹3,600 ಉಳಿಯುತ್ತಿದೆ! ಸಾಲದ ಮೇಲೆ ಕೊಂಡ ಯಂತ್ರದ ಮುಂದೆ ಕುಳಿತು ಇದಕ್ಕಿಂತ ಕಡಿಮೆ ಸಂಪಾದಿಸುವುದು ಯಾವ ಭಾಗ್ಯಕ್ಕೆ? ಜೊತೆಗೆ ವರ್ಷಕ್ಕೊಮ್ಮೆ ಆಷಾಢ ಬರುತ್ತದೆ, ಧನುರ್ಮಾಸ ಬರುತ್ತದೆ. ಆ ತಿಂಗಳುಗಳಲ್ಲಿ ಮದುವೆ ಇಲ್ಲ, ಮದುವೆಯ ಬ್ಲೌಸೂ ಇಲ್ಲ. ಕಂತಿಗೆ ಮಾತ್ರ ಪಂಚಾಂಗ ಗೊತ್ತಿಲ್ಲ.

ಇನ್ನು ಆ 1,000 ಸ್ಟಿಚ್‌ನ ಮಾತು. ಅದು ಅಂಗಡಿಯೊಳಗಿನ ವೇಗ. ರೇಷ್ಮೆಯ ಮೇಲೆ ನಾನು 600 ದಾಟಿಸುವುದಿಲ್ಲ, ಜರಿ ದಾರ ಇದ್ದರೆ ಇನ್ನೂ ಇಳಿಸುತ್ತೇನೆ. ನಮ್ಮಲ್ಲಿ ಬರುವ ಸಾಧಾರಣ ಡಿಸೈನ್, ಹಿಂದಿನ ಕುತ್ತಿಗೆ ಮತ್ತು ಎರಡು ತೋಳು ಸೇರಿ, 50,000 ಸ್ಟಿಚ್ ಆಸುಪಾಸು ಇರುತ್ತದೆ. 600ರ ವೇಗದಲ್ಲಿ ಸುಮಾರು 83 ನಿಮಿಷ. 12 ಸೂಜಿಯದರಲ್ಲಿ ಒಂದೊಂದು ಸೂಜಿಗೆ ಒಂದೊಂದು ಬಣ್ಣದ ದಾರ ಪೋಣಿಸಿಡಬಹುದು. ಒಂದೇ ಸೂಜಿಯ ಯಂತ್ರ ಬಣ್ಣ ಬದಲಾದಾಗಲೆಲ್ಲ ನಿಲ್ಲುತ್ತದೆ, ನೀವು ಎದ್ದು ಹೋಗಿ ದಾರ ಬದಲಿಸಬೇಕು. ಐದು ಬಣ್ಣ ಎಂದರೆ ಐದೇ ಸಲ ಅಲ್ಲ, ಎಲೆಯ ಹಸಿರು ಮತ್ತೆ ಮತ್ತೆ ಬರುತ್ತದೆ. ಹದಿನೈದು ಸಲ ಎಂದುಕೊಳ್ಳಿ, ಅರ್ಧ ಗಂಟೆ ಅಲ್ಲಿಗೆ ಹೋಯಿತು. ಮೂರು ಸಲ ಬಟ್ಟೆಯನ್ನು ಫ್ರೇಮಿಗೆ ಬಿಗಿಯಲು ಇನ್ನರ್ಧ ಗಂಟೆ. ಒಟ್ಟು ಎರಡೂವರೆ ಗಂಟೆ. ಹನ್ನೆರಡು ಬ್ಲೌಸಿಗೆ ತಿಂಗಳಿಗೆ 30 ಗಂಟೆ, ಅಂದರೆ ದಿನಕ್ಕೊಂದು ಗಂಟೆ. ಇಷ್ಟಕ್ಕೆ 12 ಸೂಜಿಯ ಯಂತ್ರ ತಂದರೆ ಅದು ಉಳಿದ ಹೊತ್ತೆಲ್ಲ ಮುಸುಕು ಹೊದ್ದು ಮಲಗಿರುತ್ತದೆ. ದಿನಕ್ಕೆ ಮೂರು ಬ್ಲೌಸ್ ಬರತೊಡಗಿ, ದಾರ ಬದಲಿಸಿಯೇ ನಿಮಗೆ ಸಾಕಾಗಿಹೋದ ದಿನ ಬೇಕಾದರೆ ಅದನ್ನು ತನ್ನಿ.

ಹಾಗೆಂದು ಮನೆಯ ಯಂತ್ರಗಳಲ್ಲಿ ಕೈಗೆ ಸಿಕ್ಕಿದ್ದನ್ನು ಕೊಳ್ಳಬೇಡಿ. ನಾನು ಮಾಡಿದ ತಪ್ಪು ಅದೇ. 2013ರಲ್ಲಿ ತುಮಕೂರಿನ ನಮ್ಮ ಮನೆಗೆ ಮೊದಲ ಯಂತ್ರ ತಂದಾಗ ಒಳಗಿರುವ ಡಿಸೈನ್ ಎಷ್ಟು, ಪರದೆ ಎಷ್ಟು ದೊಡ್ಡದು ಎಂದೆಲ್ಲ ಕೇಳಿದೆ. ಫ್ರೇಮ್ ಎಷ್ಟು ದೊಡ್ಡದು ಎಂದು ಕೇಳಲಿಲ್ಲ. ಅದು 13×18 ಸೆಂ.ಮೀ. ಬ್ಲೌಸಿನ ಹಿಂದಿನ ಕುತ್ತಿಗೆಯ ಸುತ್ತ ಬರುವ ಡಿಸೈನ್ ಹತ್ತು ಹನ್ನೊಂದು ಇಂಚು ಅಗಲ ಇರುತ್ತದೆ. ಎಡಭಾಗ ಒಮ್ಮೆ, ಬಲಭಾಗ ಇನ್ನೊಮ್ಮೆ ಫ್ರೇಮ್ ಹಾಕಿ ಜೋಡಿಸಬೇಕಾಗುತ್ತಿತ್ತು. ಒಂದು ಮದುವೆ ಸೀರೆಯ ಬ್ಲೌಸ್ ಪೀಸ್‌ನಲ್ಲಿ ಎರಡು ನವಿಲುಗಳು ಕೊಕ್ಕಿಗೆ ಕೊಕ್ಕು ತಾಗಿಸಬೇಕಿತ್ತು. ಎರಡು ಮಿಲಿಮೀಟರ್ ತಪ್ಪಿ ಒಂದು ನವಿಲು ಇನ್ನೊಂದರ ಕಣ್ಣಿಗೆ ಕುಕ್ಕಿದಂತಾಯಿತು. ಸೀರೆಯ ಸೆರಗಿನಾಚೆ ನೇಯ್ದ ಪೀಸು ಅದು, ಹಾಳಾದರೆ ಬೇರೆ ಎಲ್ಲಿಂದ ತರುವುದು? ರಾತ್ರಿಯೆಲ್ಲ ಕುಳಿತು ಅದರ ಮೇಲೆ ಕುಂದನ್ ಹೊಲಿದು ಮುಚ್ಚಿದೆ. ಮದುಮಗಳಿಗೆ ತಿಳಿಯಲಿಲ್ಲ. ಅವಳ ಸೋದರತ್ತೆ ಕನ್ನಡಕ ಏರಿಸಿ ನೋಡಿ, ‘ಇಲ್ಲಿ ಮಾತ್ರ ಏಕಮ್ಮ ಇಷ್ಟೊಂದು ಕಲ್ಲು?’ ಎಂದರು.

ಆದ್ದರಿಂದ ಬ್ಲೌಸ್ ಕೆಲಸಕ್ಕೆ ಕನಿಷ್ಠ 20×28 ಸೆಂ.ಮೀ. ಫ್ರೇಮ್ ಇರಲಿ. 28 ಸೆಂ.ಮೀ. ಎಂದರೆ ಹನ್ನೊಂದು ಇಂಚು, ಕುತ್ತಿಗೆ ಒಂದೇ ಸಲಕ್ಕೆ ಕೂರುತ್ತದೆ. ಉಷಾ ಜನೋಮ್‌ನ ಮೆಮೊರಿ ಕ್ರಾಫ್ಟ್ 450ಇ ಯಂತ್ರದ ದೊಡ್ಡ ಫ್ರೇಮ್ ಈ ಅಳತೆಯದು. ಇದು ಜಾಹೀರಾತಲ್ಲ. ಬ್ರದರ್ ಕಂಪನಿಯದನ್ನೂ ನೋಡಿ, ಅಳತೆಯನ್ನು ಮಾತ್ರ ಬಾಯಿಮಾತಿಗೆ ಬಿಡದೆ ಟೇಪಿನಲ್ಲಿ ಅಳೆಯಿರಿ. ಅಳೆಯುವಾಗ ಫ್ರೇಮಿನ ಹೊರ ಅಂಚನ್ನಲ್ಲ, ಸೂಜಿ ಓಡಾಡುವ ಜಾಗವನ್ನು ಅಳೆಯಬೇಕು. ಯಂತ್ರ ನಿಮ್ಮ ಕೈಯಲ್ಲಿರುವ ದುಡ್ಡಿನೊಳಗೆ ಬಂದರೆ ಕಂತಿನ ತಲೆನೋವಿಲ್ಲ. ತಿಂಗಳಿಗೆ ಹನ್ನೆರಡೇ ಬ್ಲೌಸ್ ಬಂದರೂ ಈಗಿನದಕ್ಕಿಂತ ₹6,000 ಹೆಚ್ಚು ಉಳಿದು, ಎರಡು ವರ್ಷದಲ್ಲಿ ಹಾಕಿದ ಹಣ ಕೈಗೆ ಬರುತ್ತದೆ. ಇಪ್ಪತ್ನಾಲ್ಕು ಬಂದರೆ ಒಂದೇ ವರ್ಷ.

ನೋಡಲು ಹೋಗುವಾಗ ನಿಮ್ಮದೇ ರೇಷ್ಮೆ ತುಂಡು, ನಿಮ್ಮದೇ ಜರಿ ದಾರ, ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಡಿಸೈನ್ ಒಯ್ಯಿರಿ. ಅಂಗಡಿಯವರು ದಪ್ಪ ಬಟ್ಟೆಯ ಮೇಲೆ ಹೂ ಬಿಡಿಸಿ ತೋರಿಸುತ್ತಾರೆ, ಅದರ ಮೇಲೆ ಯಾವ ಯಂತ್ರವೂ ಚೆನ್ನಾಗಿಯೇ ಹೊಲಿಯುತ್ತದೆ. ಹೊಲಿದ ಮೇಲೆ ಬಟ್ಟೆ ತಿರುಗಿಸಿ ನೋಡಿ. ಅಗಲ ಪಟ್ಟಿಯ ಹಿಂಬದಿಯಲ್ಲಿ ನಡುವಿನ ಮೂರನೇ ಒಂದು ಭಾಗ ಬಾಬಿನ್ನಿನ (ಕೆಳಗಿನ ಪುಟ್ಟ ಉರುಳೆಯ) ಬಿಳಿ ದಾರ, ಎರಡು ಪಕ್ಕದಲ್ಲಿ ಬಣ್ಣದ ದಾರ ಕಂಡರೆ ಬಿಗಿತ ಸರಿಯಾಗಿದೆ. ನಡುವೆ ಕರೆಂಟು ತೆಗೆಸಿ ಮತ್ತೆ ಹಾಕಿಸಿ. ನಿಂತ ಕಡೆಯಿಂದಲೇ ಮುಂದುವರಿಯುತ್ತದೆಯೇ? ಅಂಗಡಿಯವರು ಮುಖ ಸಿಂಡರಿಸಿದರೂ ಇದನ್ನು ಮಾಡಿಸಿಯೇ ಬನ್ನಿ. ಮನೆಯಲ್ಲಿ ಹೇಗೂ ಸಣ್ಣ ಯುಪಿಎಸ್ ಇಡಬೇಕಾಗುತ್ತದೆ.

ಎರಡು ಮಾತು ಬರವಣಿಗೆಯಲ್ಲೇ ಪಡೆಯಿರಿ. ವಾರಂಟಿಯ ಪತ್ರದಲ್ಲಿ ‘ವಾಣಿಜ್ಯ ಬಳಕೆಗೆ ಅನ್ವಯಿಸದು’ ಎಂಬ ಸಾಲು ಇದೆಯೇ, ಇದ್ದರೆ ನಿಮ್ಮ ಕೆಲಸ ಅದರೊಳಗೆ ಬರುತ್ತದೆಯೇ? ಮತ್ತು ಕೆಟ್ಟರೆ ಮೆಕ್ಯಾನಿಕ್ ಎಲ್ಲಿಂದ ಬರುತ್ತಾರೆ? ಹಾವೇರಿ, ಹುಬ್ಬಳ್ಳಿ, ದಾವಣಗೆರೆ ಎಂದರೆ ಸರಿ. ಬೆಂಗಳೂರು ಎಂದರೆ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ನೀವು ಫೋನ್ ಹಿಡಿದು ಕುಳಿತಿರುತ್ತೀರಿ. ನನ್ನ ಎರಡನೇ ಯಂತ್ರದ ಮೆಕ್ಯಾನಿಕ್ ಇರುವುದು ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅದನ್ನು ಆರಿಸಿದ್ದಕ್ಕೆ ಬೇರೆ ಕಾರಣವೇ ಇರಲಿಲ್ಲ.

(ಆ ಎರಡನೆಯದು ಹಳೆಯ ಹದಿನೈದು ಸೂಜಿಯದು. ಮಹಡಿಗೆ ಹತ್ತಿಸಲು ಆರು ಜನ ಬಂದರೂ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಈಗ ಅದು ನಡುಮನೆಯಲ್ಲಿದೆ, ಟಿ.ವಿ. ಮಹಡಿಗೆ ಹೋಗಿದೆ. ದೊಡ್ಡದನ್ನು ಕೊಳ್ಳುವ ಓದುಗರು ಬಾಗಿಲನ್ನೂ ಮೆಟ್ಟಿಲನ್ನೂ ಮೊದಲು ಅಳೆಯಿರಿ.)

ಡಿಸೈನಿನ ಕಡತ ಯಾವ ಬಗೆಯದು ಎಂಬುದೂ ತಿಳಿದಿರಲಿ. ಜನೋಮ್ ಓದುವುದು ಜೆಇಎಫ್, ಬ್ರದರ್ ಓದುವುದು ಪಿಇಎಸ್. ಪೇಟೆಯಲ್ಲಿ ಹೆಚ್ಚು ಓಡಾಡುವುದು ತಜಿಮಾ ಕಂಪನಿಯ ಡಿಎಸ್‌ಟಿ. ಡಿಎಸ್‌ಟಿಯಲ್ಲಿ ಬಣ್ಣದ ಮಾಹಿತಿ ಇರುವುದಿಲ್ಲ, ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಇರುತ್ತದೆ. ಬಣ್ಣದ ಪಟ್ಟಿ ಬರೆದುಕೊಳ್ಳದಿದ್ದರೆ ನವಿಲು ಗುಲಾಬಿಯಾಗುತ್ತದೆ. ಪಂಚಿಂಗ್, ಅಂದರೆ ಚಿತ್ರವನ್ನು ಯಂತ್ರ ಓದುವ ಕಡತವಾಗಿ ಮಾಡುವುದನ್ನು, ಕಲಿಯುವ ಆಸೆಯಿದ್ದರೆ ಇಂಕ್‌ಸ್ಟಿಚ್ ಎಂಬ ಉಚಿತ ತಂತ್ರಾಂಶದಿಂದ ಶುರುಮಾಡಿ. ವಿಲ್‌ಕಾಮ್ ಒಳ್ಳೆಯದು, ಆದರೆ ದುಬಾರಿ. ಯಂತ್ರದ ಜೊತೆ ‘ಫ್ರೀ’ ಎಂದು ಕೊಡುವ ಕಳ್ಳ ಪ್ರತಿಯನ್ನು ನಂಬಿ ಕೂರಬೇಡಿ.

ಮಣಿ, ಕುಂದನ್, ಜರ್ದೋಸಿಯ ಮಗ್ಗಂ ಕೆಲಸ, ಅಂದರೆ ಕೈಯಿಂದ ಮಾಡುವ ಕಸುಬು, ಈ ಯಂತ್ರದಿಂದ ಆಗುವುದಿಲ್ಲ. ಬಳ್ಳಿಯನ್ನು ಯಂತ್ರದಲ್ಲಿ ತೆಗೆದು ಕಲ್ಲುಗಳನ್ನು ಕೈಯಲ್ಲಿ ಹೊಲಿಯಬಹುದು, ನಾನು ಮಾಡುವುದು ಹಾಗೆಯೇ.

ಸಾಲ ಮುಂದೆ ಬೇಕಾದೀತು. ಮುದ್ರಾ ಯೋಜನೆಯಲ್ಲಿ ₹50,000ವರೆಗೆ ಶಿಶು, ₹5 ಲಕ್ಷದವರೆಗೆ ಕಿಶೋರ್. ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಅಲ್ಲಿ ಶೇ 5ರ ಬಡ್ಡಿಗೆ ಮೊದಲು ₹1 ಲಕ್ಷ, ಅದನ್ನು ತೀರಿಸಿದ ಮೇಲೆ ₹2 ಲಕ್ಷ, ಜೊತೆಗೆ ಉಪಕರಣಕ್ಕೆ ₹15,000. ಆದರೆ ಮುದ್ರಾ ಸಾಲ ಬಾಕಿ ಇರುವಾಗ ವಿಶ್ವಕರ್ಮಕ್ಕೆ ಅರ್ಜಿ ಹಾಕಿದರೆ ಆಗದು. ಯಾವುದು ಮೊದಲು ಎಂದು ಯೋಚಿಸಿಯೇ ಬ್ಯಾಂಕಿನ ಮೆಟ್ಟಿಲು ಹತ್ತಿ.

ಪ್ರಶ್ನೆ: ನಮ್ಮೂರ ಶಾಲೆಯವರು ಜೂನ್‌ಗೆ 200 ಸಮವಸ್ತ್ರಗಳ ಜೇಬಿನ ಮೇಲೆ ಶಾಲೆಯ ಹೆಸರನ್ನು ಕನ್ನಡದಲ್ಲಿ ಹಾಕಿಕೊಡಿ ಎಂದಿದ್ದಾರೆ. ಸಣ್ಣ ಯಂತ್ರದಲ್ಲಿ ಆಗುತ್ತದೆಯೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಆಗುತ್ತದೆ, 10×10 ಸೆಂ.ಮೀ. ಫ್ರೇಮೇ ಸಾಕು. ತೊಂದರೆ ಇರುವುದು ಅಕ್ಷರದಲ್ಲಿ. ನಾನು ಕಂಡ ಯಂತ್ರಗಳೊಳಗೆ ಇಂಗ್ಲಿಷ್ ಅಕ್ಷರಗಳಿದ್ದವು, ಕನ್ನಡ ಇರಲಿಲ್ಲ. ಹೆಸರನ್ನು ಬೇರೆಯಾಗಿ ಪಂಚಿಂಗ್ ಮಾಡಿಸಬೇಕು. ನನ್ನ ಅನುಭವದಲ್ಲಿ ಅಕ್ಷರದ ಎತ್ತರ ಒಂದು ಸೆಂ.ಮೀ.ಗಿಂತ ಇಳಿದರೆ ಒತ್ತಕ್ಷರಗಳು ಮುಚ್ಚಿಕೊಳ್ಳುತ್ತವೆ. ‘ಪ್ರಾಥಮಿಕ’ದ ರ ಒತ್ತು ದಾರದ ಗಂಟಿನಂತೆ ಕಾಣುತ್ತದೆ. ಹೆಸರು ಉದ್ದವಿದ್ದರೆ ಎರಡು ಸಾಲು ಮಾಡಿ, ಇಲ್ಲವೇ ಮೊದಲಕ್ಷರಗಳನ್ನು ಮಾತ್ರ ಹಾಕಲು ಒಪ್ಪಿಸಿ. ಹೊಲಿದು ಮುಗಿದ ಜೇಬಿನ ಮೇಲೆ ಹಾಕಲು ಹೋದರೆ ಜೇಬಿನ ಬಾಯಿ ಮುಚ್ಚಿಹೋಗುತ್ತದೆ. ಜೇಬಿನ ತುಂಡುಗಳನ್ನು ಹೊಲಿಯುವ ಮೊದಲೇ ತರಿಸಿಕೊಳ್ಳಿ. ಒಂದು ಮಾದರಿಗೆ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿಕೊಂಡು ಆಮೇಲೆ 200ಕ್ಕೆ ಕೈಹಾಕಿ. ಕಾಗುಣಿತದ ತಪ್ಪು 200 ಜೇಬುಗಳಲ್ಲಿ ಬಂದರೆ ಬಿಚ್ಚುವವರು ಯಾರು?

ಪ್ರಶ್ನೆ: ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ಯಂತ್ರ ಯಾವುದು?
— ಓದುಗರೊಬ್ಬರು, ಗದಗ

ಉತ್ತರ: ಅಂಥ ಯಂತ್ರವಿಲ್ಲ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ, ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಎರಡೂ ಮುಖ ಒಂದೇ ರೀತಿ ಕಾಣಬೇಕು. ಯಂತ್ರ ಹೊಲಿಯುವುದು ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಸೇರಿಸಿ. ಹಿಂಬದಿಗೆ ಬ್ಯಾಕಿಂಗ್ ಪೇಪರ್ ಬೇರೆ. ಗೋಪುರ, ತೇರು, ಆನೆಯ ಆಕಾರ ಬರುತ್ತದೆ, ಕಸೂತಿ ಬರುವುದಿಲ್ಲ. ಯಂತ್ರದಲ್ಲಿ ಮಾಡಿ ಮಾರಲು ಅಡ್ಡಿಯಿಲ್ಲ, ಆದರೆ ‘ಕಸೂತಿ ವಿನ್ಯಾಸದ ಯಂತ್ರ ಕೆಲಸ’ ಎಂದೇ ಹೇಳಿ ಮಾರಿ. ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಅದಕ್ಕಿಂತ ಹೆಚ್ಚಾಗಿ ನಿಮ್ಮ ಕಡೆಯ ಅಜ್ಜಿಯರು ಸೆರಗನ್ನು ಒಮ್ಮೆ ಮಗುಚಿ ನೋಡಿದರೆ ಸಾಕು, ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಜರಿ ದಾರ ಎರಡು ನಿಮಿಷಕ್ಕೊಮ್ಮೆ ತುಂಡಾಗುತ್ತದೆ. ಯಂತ್ರ ಬದಲಿಸಲೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸೂಜಿ ಬದಲಿಸಿ. 75/11 ಅಳತೆಯದನ್ನು ತೆಗೆದು ಕಣ್ಣು ದೊಡ್ಡದಿರುವ 90/14 ಹಾಕಿ, ವೇಗ 400ಕ್ಕೆ ಇಳಿಸಿ, ಮೇಲಿನ ದಾರದ ಬಿಗಿತ ಸಡಿಲಿಸಿ. ಉರುಳೆಯನ್ನು ಯಂತ್ರದಿಂದ ಒಂದಡಿ ದೂರದಲ್ಲಿಟ್ಟರೆ ಜರಿಯ ಸುರುಳಿ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ನಾನು ಅದನ್ನು ಒಂದು ಸ್ಟೀಲ್ ಲೋಟದೊಳಗೆ ನಿಲ್ಲಿಸುತ್ತೇನೆ. ಇಷ್ಟಾದರೂ ತುಂಡಾದರೆ ಬೇರೆ ಅಂಗಡಿಯ ಜರಿ ತಂದು ನೋಡಿ, ಆಮೇಲೆ ಬರೆಯಿರಿ.