ತೊಗಲಿನ ಕೃತಿ, ದೂರದ ಕೂಟ

ಪ್ರಶ್ನೆ: ವೆನಿಸ್‌ನಲ್ಲಿ ನಡೆದ ಮೂಲನಿವಾಸಿ ಕಲಾವಿದರ ‘ಆಬಾಕ್ವಾದ್’ ಕೂಟ ಎಂಥದ್ದು? ತೊಗಲಿನ ಕೃತಿಗಳನ್ನು ದೂರ ಕಳಿಸುವಾಗ ಹುಳು ಹಿಡಿಯದಂತೆ ಏನು ಮಾಡಬೇಕು?

ಉತ್ತರ: ಕಲಾವಿದರು, ಪ್ರದರ್ಶನ ರೂಪಿಸುವ ಕ್ಯುರೇಟರ್‌ಗಳು, ವಿದ್ವಾಂಸರು ಎದುರುಬದುರು ಕೂತು ಮಾತಾಡುವ ಕೂಟವಿದು; 2018ರಲ್ಲಿ ಟೊರೊಂಟೊದಲ್ಲಿ ಶುರುವಾಯಿತು. ಉತ್ತರ ಅಮೆರಿಕದ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಭಾಷೆಯ ಈ ಹೆಸರಿಗೆ ‘ಬಿರುಗಾಳಿಯ ನಂತರ ತಿಳಿಯಾಗುವುದು’ ಎಂದರ್ಥ. 2022ರಲ್ಲಿ ವೆನಿಸ್‌ಗೆ ಬಂದಾಗ ಅಲ್ಲಿನ ಬಿಯೆನಾಲೆ ಕಲಾಪ್ರದರ್ಶನದಲ್ಲಿ ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳ ನಾರ್ಡಿಕ್ ಮಂಟಪವು ಆ ನಾಡುಗಳ ಮೂಲನಿವಾಸಿಗಳಾದ ಸಾಮಿ ಜನರ ಹೆಸರಲ್ಲಿ ಸಾಮಿ ಮಂಟಪವಾಗಿತ್ತು. ಎಷ್ಟು ಕಾಲದಿಂದ ಸಲ್ಲಬೇಕಿದ್ದ ಹೆಸರು! ಸಾಮಿ ಕಲಾವಿದೆ ಮಾರೆತ್ ಆನ್ನೆ ಸಾರಾ ಅಲ್ಲಿ ತಮ್ಮ ಕೃತಿಗಳಿಗೆ ಹಿಮಸಾರಂಗದ ಜಠರವನ್ನೂ ಬಳಸಿದ್ದರು.

ತೊಗಲಿಗೆ ಔಷಧಿ ಸಿಂಪಡಿಸಬೇಡಿ, ಬಣ್ಣ ಕೆಡುತ್ತದೆ. ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಹುಳು ಸಾಯುವಂತೆ -20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರವಿಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಕೂಡದು. ಅವಸರಪಟ್ಟರೆ ತಣ್ಣನೆಯ ತೊಗಲ ಮೇಲೆ ನೀರು ಕೂತು ಬೂಷ್ಟು ಹಿಡಿಯುತ್ತದೆ. ಪೂಜೆಯ ವಸ್ತುವಾದರೆ ಮೊದಲು ಆ ಸಮುದಾಯದ ಹಿರಿಯರನ್ನು ಕೇಳಿ.